ತಮ್ಮನಿಗೆ ಮೂಗಾಗಿ ಮೂರು ವಾರ

ಬರ್ಮಿಂಗ್‌ಹ್ಯಾಮ್

ದುಬೈಯಲ್ಲಿ ವಿಮಾನ ಬದಲಿಸಿ ಕೂತ ಮೇಲೆ ಕೈಚೀಲ ತೆರೆದು ನೋಡುತ್ತೇನೆ, ಇಂಗಿನ ಡಬ್ಬಿಯ ಮುಚ್ಚಳ ಬಿಚ್ಚಿಹೋಗಿದೆ. ಪುಡಿಯೆಲ್ಲ ಶಾಲಿಗೆ, ಪಾಸ್‌ಪೋರ್ಟಿಗೆ, ಕನ್ನಡಕದ ಪೆಟ್ಟಿಗೆಗೆ ಮೆತ್ತಿಕೊಂಡಿತ್ತು. ಶಾಲನ್ನು ಶೌಚಾಲಯದ ನಲ್ಲಿಗೆ ಹಿಡಿದದ್ದು ದೊಡ್ಡ ತಪ್ಪಾಯಿತು. ಒದ್ದೆಯಾದ ಇಂಗಿನ ಮುಂದೆ ಒಣ ಇಂಗು ಏನೂ ಅಲ್ಲ. ಪಕ್ಕದ ಸೀಟಿನಲ್ಲಿದ್ದ ಬಿಳಿಯ ಯಜಮಾನರು ಮೊದಲು ತಮ್ಮ ಬೂಟುಗಳನ್ನೇ ಅನುಮಾನದಿಂದ ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು, ಕೊನೆಗೆ ಗಗನಸಖಿಯ ಕಿವಿಯಲ್ಲಿ ಏನೋ ಹೇಳಿ ಹಿಂದಿನ ಸಾಲಿಗೆ ಹೊರಟುಹೋದರು. ಇಳಿಯುವವರೆಗೂ ಎರಡು ಸೀಟು ನನ್ನವೇ ಆದವು.

ನಾನು ರುಕಿಯಾ. ವಿಜಯಪುರದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಚೀಟಿ ಹರಿದ ಬಾಟಲಿಯಲ್ಲಿ ಏನಿದೆ ಎಂದು ಮೂಸಿಯೇ ಹೇಳುತ್ತಿದ್ದೆ. ಬಾಟಲಿಗೆ ಮೂಗು ಒಡ್ಡಬಾರದು, ಅಂಗೈಯಿಂದ ಗಾಳಿಯನ್ನು ಮೆಲ್ಲಗೆ ತನ್ನ ಕಡೆ ತಂದುಕೊಳ್ಳಬೇಕು ಎಂದು ಎಷ್ಟು ತಂಡದ ಹುಡುಗಿಯರಿಗೆ ಕಲಿಸಿದ್ದೇನೋ. ಅಂಥವಳು ಇಂಗಿನ ಮೂಟೆಯಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಇಳಿದೆ.

ಹೊರಗೆ ನನ್ನ ತಮ್ಮ ನಾಸಿರ್ ನಿಂತಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು. ಡರ್ಬಿಯಲ್ಲಿ ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಆರು ವರ್ಷದ ಮೇಲೆ ನೋಡಿದ ಅಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡ. ಈಗ ಬೈಯುತ್ತಾನೆ ಎಂದು ನಾನು ಕಾದೆ. ಚಿಕ್ಕವನಿದ್ದಾಗ ಪಕ್ಕದ ಬೀದಿಯಲ್ಲಿ ಒಣಮೀನು ಹುರಿದರೂ ಊಟ ಬಿಟ್ಟು ಏಳುತ್ತಿದ್ದವನು ಅವನು.

"ಆಪಾ, ನೀ ಸ್ವಲ್ಪಾನೂ ಬದಲಾಗಿಲ್ಲ ನೋಡ್," ಎಂದ.

ಕಾರಿನ ಗಾಜುಗಳನ್ನೆಲ್ಲ ಮುಚ್ಚಿಕೊಂಡು ಒಂದು ಗಂಟೆ ಓಡಿಸಿದ. ಒಮ್ಮೆಯೂ ಮೂಗು ಮುರಿಯಲಿಲ್ಲ. ಇಂಗ್ಲೆಂಡ್ ನನ್ನ ತಮ್ಮನಿಗೆ ಎಂಥ ಸೌಜನ್ಯ ಕಲಿಸಿದೆ ಎಂದು ಹೆಮ್ಮೆಪಟ್ಟೆ.

ಡರ್ಬಿ

ಡರ್ಬಿಯಲ್ಲಿ ಎಲ್ಲರೂ ಎಲ್ಲರನ್ನೂ 'ಡಕ್' ಎನ್ನುತ್ತಾರೆ. ಬಸ್ಸಿನ ಚಾಲಕ, ಅಂಚೆಯವಳು, ಬ್ರೆಡ್ ಅಂಗಡಿಯ ಮುದುಕ, ಎಲ್ಲರ ಬಾಯಲ್ಲೂ ನಾನು ಬಾತುಕೋಳಿ. ಮೊದಲ ದಿನ ನನ್ನ ನಡಿಗೆಯನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ನಮ್ಮ ಊರಲ್ಲಿ ತರಕಾರಿಯವಳು ಗುರುತಿಲ್ಲದವರನ್ನೂ 'ಯವ್ವಾ' ಎನ್ನುವಂತೆಯೇ ಇದು ಎಂದು ನಾಸಿರ್ ತಿಳಿಸಿದ. ಆಮೇಲೆ ಯಾರಾದರೂ ಡಕ್ ಎನ್ನದೆ ಚಿಲ್ಲರೆ ಕೊಟ್ಟರೆ ಏನೋ ಕಡಿಮೆಯಾದಂತೆ ಅನಿಸತೊಡಗಿತು.

ಮನೆಯಲ್ಲಿ ನಾವಿಬ್ಬರೇ. ಅವನ ಹೆಂಡತಿ ಶಾಹೀನ್, ತನ್ನ ತಾಯಿಯ ಸೊಂಟದ ಆಪರೇಷನ್ ಎಂದು ಕಲಬುರಗಿಗೆ ಹೋಗಿ ಮೂರು ತಿಂಗಳಾಗಿತ್ತು. ನಮ್ಮಿಬ್ಬರ ಮಾತು ದಖನಿಯಲ್ಲಿ ಶುರುವಾಗಿ ಅರ್ಧಕ್ಕೆ ವಿಜಯಪುರದ ಕನ್ನಡಕ್ಕೆ ಹೊರಳುವುದು ಚಿಕ್ಕಂದಿನ ರೂಢಿ. ಓದುವವರಿಗಾಗಿ ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೂರನೆಯ ದಿನ ಮಧ್ಯಾಹ್ನ ಅವನು ಫ್ರಿಜ್‌ನಿಂದ ಹಳೆಯ ದಾಲ್ ತೆಗೆದು ಬಿಸಿ ಮಾಡಿಕೊಂಡು ಕೂತ. ನಾನು ಮುಂದಿನ ಕೋಣೆಯಲ್ಲಿದ್ದೆ. ಅಲ್ಲಿಗೇ ಹುಳಿ ವಾಸನೆ ಹೊಡೆಯಿತು. ಹೋಗಿ ನೋಡಿದರೆ ಎರಡು ತುತ್ತು ಆಗಲೇ ಒಳಗೆ ಹೋಗಿತ್ತು. ಬಟ್ಟಲು ಕಿತ್ತುಕೊಂಡೆ.

"ಹಳಸೇತಿ! ನಿಂಗ ವಾಸನಿ ಬರಲಿಲ್ಲೇನು?"

ಅವನು ಚಮಚ ಕೆಳಗಿಟ್ಟ. ಕೈ ಒರೆಸಿಕೊಂಡ. "ಇಲ್ಲ ಆಪಾ. ಬರಂಗಿಲ್ಲ," ಎಂದ. "ಕೋವಿಡ್ ಬಂದುಹೋತಲ್ಲ, ಅವಾಗಿಂದ. ಉಪ್ಪು, ಖಾರ, ಹುಳಿ ಗೊತ್ತಾಗ್ತದ. ಬಾಕಿ ಏನೂ ಇಲ್ಲ. ಜಿಪಿ ಡಾಕ್ಟರ್ ಕಡೆ ಹೋದೆ, ದೊಡ್ಡ ಆಸ್ಪತ್ರಿಗೂ ಹೋದೆ. ಕಾಯ್ರಿ ಅಂದ್ರು. ಕಾಯ್ಕೋತ ಕೂತೀನಿ."

ಅಮ್ಮಿ ಬದುಕಿದ್ದಾಗ ಪ್ರತಿ ಸಲ ಉಪ್ಪಿನಕಾಯಿ ಕಳಿಸುತ್ತಿದ್ದಳು. ಅವನು ಫೋನು ಮಾಡಿ, ಡಬ್ಬಿ ತೆರೆದಕೂಡಲೇ ಮನೆಯೆಲ್ಲ ಘಮಘಮ ಅಂತು ಎನ್ನುತ್ತಿದ್ದ. "ಹಂಗಾರ ಅಮ್ಮಿ ಉಪ್ಪಿನಕಾಯಿ?" ಎಂದೆ.

"ಅಮ್ಮಿಗೆ ಸುಳ್ಳು ಹೇಳೀನಿ ಅಂತ ಸಿಟ್ಟೇನು?" ಎಂದ.

"ಸಿಟ್ಟಲ್ಲ. ನಂಗ ಯಾಕ ಹೇಳಲಿಲ್ಲ?"

"ನೀ ಅಳ್ತಿ ಅಂತ."

ನಾನು ಅಳುತ್ತಲೇ ಇದ್ದೆ. ಆಮೇಲೆ ದಾಲ್ ಚೆಲ್ಲಿ ಇಬ್ಬರಿಗೂ ಮೊಟ್ಟೆ ಕರಿದೆ.

ಹಿತ್ತಲಿನ ಕೊಟ್ಟಿಗೆ

ಅವತ್ತು ಸಂಜೆ ಅವನು ಇನ್ನೂ ಒಂದು ಸಂಗತಿ ಹೇಳಿದ. ಅವನು ಜಿಂಕೆ ಬೇಟೆಯಾಡುತ್ತಾನೆಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಜಿಂಕೆಯ ಮೈಮುಟ್ಟಿದರೆ ಜೈಲು. ಇಲ್ಲಿ ಹುಲಿಯೂ ಇಲ್ಲ, ತೋಳವೂ ಇಲ್ಲ. ಜಿಂಕೆಗಳು ಹೆಚ್ಚಾಗಿ ಎಳೆಯ ಗಿಡಗಳನ್ನೆಲ್ಲ ತಿಂದುಬಿಡುತ್ತವೆ. ಪೊಲೀಸರ ಪರವಾನಗಿ, ಜಮೀನಿನವರ ಒಪ್ಪಿಗೆ ಇದ್ದವರು ಕಾಲ ನೋಡಿ ಹೊಡೆಯುತ್ತಾರೆ, ಮಾಂಸ ಮನೆಗೆ ತರುತ್ತಾರೆ. ನಾಸಿರ್ ಬಿಸ್ಮಿಲ್ಲಾ ಎಂದೇ ಬಂದೂಕಿನ ಕುದುರೆ ಒತ್ತುತ್ತಾನೆ. ಕಾರ್ಖಾನೆಯ ಗೆಳೆಯನೊಬ್ಬ ಕಲಿಸಿದ ವಿದ್ಯೆ. ವಾರವಿಡೀ ಯಂತ್ರಗಳ ಗದ್ದಲದಲ್ಲಿ ಇರುವವನಿಗೆ ಶನಿವಾರದ ಆ ಎರಡು ಗಂಟೆಯ ಮೌನ ಎಂದರೆ ಪ್ರಾಣ.

ಡರ್ಬಿಯ ಉತ್ತರಕ್ಕೆ, ಗುಡ್ಡದ ಸೀಮೆಯಲ್ಲಿ ಡೊರೊಥಿ ಎಂಬ ಮುದುಕಿಯ ಸಣ್ಣ ಕಾಡಿದೆ. ಎಂಬತ್ತು ದಾಟಿದ ಮೇಲೆ ಅವಳು ತನ್ನ ಕೈಯಾರೆ ಓಕ್ ಸಸಿಗಳನ್ನು ನೆಟ್ಟಿದ್ದಾಳೆ. ರೋ ಎಂಬ ಸಣ್ಣ ಜಾತಿಯ ಜಿಂಕೆಗಳು, ನಮ್ಮ ಮೇಕೆಗಿಂತ ಅಷ್ಟೇನೂ ದೊಡ್ಡವಲ್ಲ, ರಾತ್ರೋರಾತ್ರಿ ಆ ಸಸಿಗಳ ಕುಡಿ ಕಡಿದುಹಾಕುತ್ತವೆ. ಅವನ್ನು ಕಡಿಮೆ ಮಾಡುವ ಹೊಣೆ ನಾಸಿರನದು. ಹೋದ ವರ್ಷದವರೆಗೆ ಎಲ್ಲ ಸರಿಯಿತ್ತು. ಈ ಸಲ ಆಗಸ್ಟ್‌ನಿಂದ ಒಂದೇ ಒಂದು ಸಿಕ್ಕಿರಲಿಲ್ಲ.

"ದೂರದಾಗ ಕಾಣ್ತಾವ. ನಾ ಅಲುಗಾಡಂಗಿಲ್ಲ, ಕೆಮ್ಮಂಗಿಲ್ಲ. ಅಷ್ಟರೊಳಗ ಮೂಗು ಮ್ಯಾಲೆತ್ತಿ ಒಂದು ಸಲ ಗಾಳಿ ಹಿಡೀತಾವ, ಓಡಿಹೋಗ್ತಾವ. ಡೊರೊಥಿ ಈ ತಿಂಗಳ ಕೊನೀತನಕ ನೋಡ್ತೀನಿ, ಆಮ್ಯಾಲೆ ಬ್ಯಾರೆಯವರಿಗೆ ಕೊಡ್ತೀನಿ ಅಂದಾಳ."

ಜಿಂಕೆಗೆ ಮನುಷ್ಯನ ವಾಸನೆ ಎಂದರೆ ಸಾವಿನ ಸುದ್ದಿ. ಆದ್ದರಿಂದ ಬೇಟೆಗಾರನ ಅರ್ಧ ಕೆಲಸ ತನ್ನ ಮೈವಾಸನೆಯನ್ನು ಅಡಗಿಸುವುದು, ಉಳಿದರ್ಧ ಅದು ಜಿಂಕೆಯ ಕಡೆ ಹೋಗದಂತೆ ಗಾಳಿಗೆ ಎದುರಾಗಿ ಕೂರುವುದು. ಎಲ್ಲ ಕ್ರಮವನ್ನೂ ಪಾಲಿಸುತ್ತೇನೆ ಎಂದು ಅವನು ಹೇಳಿದ. ಬಟ್ಟೆ ತೋರಿಸು ಎಂದೆ.

ಹಿತ್ತಲಿನ ಮರದ ಕೊಟ್ಟಿಗೆಯಲ್ಲಿ ಹಸಿರು ಜಾಕೆಟ್ಟು, ಪ್ಯಾಂಟು, ಬೂಟು ನೇತಾಡುತ್ತಿದ್ದವು. ಪ್ರಯೋಗಾಲಯದ ಅಭ್ಯಾಸದಂತೆ ಅಂಗೈ ಬೀಸಿ ಗಾಳಿ ತಂದುಕೊಂಡೆ. ತಲೆ ಧಿಮ್ಮೆಂದಿತು. ಮಲ್ಲಿಗೆಯೂ ನಿಂಬೆಯೂ ಕೂಡಿದ, ಮದುವೆ ಮಂಟಪದಂಥ ವಾಸನೆ.

"ಯಾವ ಸೋಪಿನಾಗ ಒಗದಿ?"

ಅವನು ಒಂದು ನೀಲಿ ಬಾಟಲಿ ತಂದ. ಮೊದಲಿನದು ಮುಗಿದಿತ್ತಂತೆ, ಅದೇ ಬಣ್ಣದ್ದು ತಂದಿದ್ದನಂತೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೂವಿನ ಹೆಸರಿತ್ತು. ಜಾಕೆಟ್ಟಿನ ಜೇಬಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಸೀಸೆ. ಅದನ್ನು ಒತ್ತಿದರೆ ಹೊಗೆಯಂತೆ ಬಿಳಿ ಪುಡಿ ಹಾರುತ್ತದೆ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯುತ್ತದೆ. ನಾನು ಒತ್ತಿದೆ. ಕೊಟ್ಟಿಗೆಯ ತುಂಬ ಈಗಷ್ಟೇ ಮೀಯಿಸಿದ ಕೂಸಿನ ವಾಸನೆ.

"ಇದರಾಗ ಏನು ತುಂಬೀದಿ?"

"ಟಾಲ್ಕಮ್ ಪೌಡರ್. ಯಾಕ?"

"ನಾಸೀರ, ಇದು ಕೂಸಿನ ಪೌಡರ್! ಗಾಳಿ ನೋಡಾಕಂತ ಕಾಡಿನ ತುಂಬ ಅತ್ತರ್ ಹೊಡದಂಗಾತಲ್ಲೋ!"

ಅವನು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೊದಲು ಮುಖ ಸಪ್ಪಗಾಯಿತು. ಆಮೇಲೆ ನಗು ತಡೆಯಲಾಗದೆ ಕೊಟ್ಟಿಗೆಯ ಹೊಸ್ತಿಲ ಮೇಲೇ ಕೂತುಬಿಟ್ಟ. ಅವನು ಹಾಗೆ ನಕ್ಕದ್ದನ್ನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋದಾಗ ಶಾಹೀನಳಿಗೆ ಫೋನು ಮಾಡಿದೆ. ಅವಳು ತಡವರಿಸಿದಳು.

"ಆಪಾ, ಅವರಿಗೆ ಹೇಳಬ್ಯಾಡ್ರಿ. ಪ್ರತಿ ಶುಕ್ರವಾರ ಅವರ ಬಟ್ಟಿ ನಾನ ಮೂಸಿ ನೋಡಿ ಇಡ್ತಿದ್ದೆ. ವಾಸನಿ ಇಲ್ಲದ ಸೋಪು, ವಾಸನಿ ಇಲ್ಲದ ಪುಡಿ, ಎಲ್ಲಾ ನಾನ ತರ್ತಿದ್ದೆ. ಅವರಿಗೆ ಗೊತ್ತಾದ್ರ, ತನ್ನ ಕೈಲೆ ಆಗಿದ್ದಲ್ಲ ಅಂತ ಮನಸ್ಸಿಗೆ ಹಚ್ಕೋತಾರ."

ಒಂದು ದಿನ ಸುಮ್ಮನಿದ್ದೆ. ಎರಡನೆಯ ದಿನ ಹೇಳಿಬಿಟ್ಟೆ. ಗುಟ್ಟಿನ ಸಹವಾಸ ನಮ್ಮ ಮನೆಗೆ ಸಾಕಾಗಿತ್ತು. ನಾಸಿರ್ ಪೂರ್ತಿ ಕೇಳಿಸಿಕೊಂಡ. ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಫೋನು ಎತ್ತಿಕೊಂಡು ಮಹಡಿ ಹತ್ತಿದ. ಒಂದು ತಾಸಿನ ಮೇಲೆ ಇಳಿದು ಬಂದಾಗ ಕಣ್ಣು ಕೆಂಪಾಗಿದ್ದವು.

"ನಾಲ್ಕು ವರ್ಷ ನಾ ದೊಡ್ಡ ಶಿಕಾರಿ ಅಂದ್ಕೊಂಡಿದ್ದೆ, ಆಪಾ," ಎಂದ. "ಶಿಕಾರಿ ಆಕಿ."

ಹಡರ್ಸ್‌ಫೀಲ್ಡ್, ನಂತರ ಡೊರೊಥಿಯ ಕಾಡು

ಶುಕ್ರವಾರ ನಾಸಿರನ ಗೆಳೆಯ ಡಾಕ್ಟರ್ ಪಾಟೀಲರ ಮನೆಗೆ ಊಟಕ್ಕೆ ಹೋದೆವು. ಬಾಗಲಕೋಟೆಯ ಲಿಂಗಾಯತ ಕುಟುಂಬ. ಹೊರಗೆ ಸಣ್ಣಗೆ ಆಲಿಕಲ್ಲು, ಒಳಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಶನಿವಾರದ ಬೇಟೆಯ ಮಾತು ಬಂದಾಗ ಪಾಟೀಲರ ಹೆಂಡತಿ ಗಿರಿಜಕ್ಕ ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಜಿಂಕೀನ? ಪಾಪ ಅಲ್ಲೇನ್ರೀ?"

ಮರುಕ್ಷಣವೇ ಅವರೇ ಮುಂದುವರಿಸಿದರು. "ಆದ್ರ ನಮ್ಮ ಹಿತ್ತಲದಾಗೂ ಬಂದು ಗುಲಾಬಿ ಎಲ್ಲಾ ತಿಂದು ಹೋಗ್ಯಾವ ನೋಡ್ರಿ, ಹಾಳಾದವು." ಹೊರಡುವಾಗ ದೇವರ ಮನೆಯ ಧೂಪದ ಮುಂದೆ ಕೂರಿಸಿ ಉಡಿ ತುಂಬಿದರು. ಪರದೇಶದಲ್ಲಿ ಅಂಥ ಮರ್ಯಾದೆ ಸಿಕ್ಕಾಗ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ಬೆಳಕು ಹರಿಯುವ ಮುಂಚೆ ಕಾಡಿನ ಗೇಟಿನ ಮುಂದೆ ನಿಂತಿದ್ದೆವು. ನನ್ನನ್ನೂ ಕರೆದುಕೊಂಡು ಹೋಗು ಎಂದು ಹಟ ಹಿಡಿದವಳು ನಾನೇ. ನಾಸಿರನ ಬಟ್ಟೆಗಳನ್ನು ಅಡುಗೆ ಸೋಡದಲ್ಲಿ ಎರಡು ಸಲ ಒಗೆದು ಗಾಳಿಗೆ ಹಾಕಿದ್ದೆ. ಅವನ ಮೈ, ತಲೆ, ಬೂಟು ಎಲ್ಲ ಮೂಸಿ ತೇರ್ಗಡೆ ಮಾಡಿದ್ದೆ. ಮರಕ್ಕೆ ಆನಿಸಿದ ಏಣಿ ಹತ್ತಿ ಇಬ್ಬರು ಕೂರುವ ಅಟ್ಟಣಿಗೆಯಲ್ಲಿ ಕೂತೆವು. ಮೊಣಕಾಲು ನೋಯುತ್ತಿತ್ತು, ಮನಸ್ಸು ಮಾತ್ರ ಜಾತ್ರೆಗೆ ಹೊರಟ ಹುಡುಗಿಯದಾಗಿತ್ತು. ಬೂದು ಬೆಳಕಿನಲ್ಲಿ ಎರಡು ಜಿಂಕೆಗಳು ಬಯಲಿನ ಅಂಚಿಗೆ ಬಂದವು. ಒಂದು ತಲೆ ಎತ್ತಿತು. ಅದರ ಕಪ್ಪು ಮೂಗು ನೇರ ನನ್ನ ಕಡೆಗೇ ತಿರುಗಿತು. ನಾಯಿ ಬೊಗಳಿದಂತೆ ಒರಟಾಗಿ ಕೂಗಿ ಎರಡೂ ಮಾಯವಾದವು.

ನಾನು ನನ್ನ ಜಡೆಯನ್ನು ಮುಂದಕ್ಕೆಳೆದು ಮೂಸಿಕೊಂಡೆ. ಧೂಪ, ಒಗ್ಗರಣೆ, ಅದರ ಮೇಲೆ ನಾನು ಎಂದಿನಂತೆ ಹಚ್ಚಿದ ಕೊಬ್ಬರಿ ಎಣ್ಣೆ. ಎಲ್ಲರನ್ನೂ ಪರೀಕ್ಷೆ ಮಾಡಿದವಳು ನನ್ನನ್ನೇ ಮರೆತಿದ್ದೆ.

ಗೇಟಿನ ಹತ್ತಿರ ಡೊರೊಥಿ ಕೋಲೂರಿಕೊಂಡು ಕಾಯುತ್ತಿದ್ದಳು. ಗುಂಡಿನ ಶಬ್ದವಿಲ್ಲದ್ದರಿಂದಲೇ ವಿಷಯ ತಿಳಿದಿತ್ತು. ನಮ್ಮನ್ನು ಕರೆದೊಯ್ದು ಸಸಿಗಳನ್ನು ತೋರಿಸಿದಳು. ಮೊಣಕಾಲೆತ್ತರದ ಗಿಡಗಳು, ಒಂದೊಂದರ ಕುಡಿಯೂ ಹರಿದಿತ್ತು.

"ಇವುಗಳ ನೆರಳಲ್ಲಿ ನಾನು ಕೂರುವುದಿಲ್ಲ, ಅದು ನನಗೆ ಗೊತ್ತು," ಎಂದಳು. "ಆದರೆ ಇವು ನನ್ನೆತ್ತರ ಬೆಳೆಯುವುದನ್ನಾದರೂ ನೋಡಬೇಕು, ಡಕ್. ಇನ್ನೊಂದು ಶನಿವಾರ ಕೊಡುತ್ತೇನೆ. ಆಮೇಲೆ ನನ್ನನ್ನು ಬೈಯಬೇಡಿ."

ವಾಪಸು ಬರುವಾಗ ಕಾರಿನಲ್ಲಿ ನಾನು ಹತ್ತು ಸಲ ತಪ್ಪಾಯಿತು ಎಂದೆ.

"ಬಿಡು ಆಪಾ," ಎಂದ. "ಮೂರು ತಿಂಗಳದಾಗ ಮೊದಲನೇ ಸಲ, ಯಾಕ ಓಡಿಹೋದ್ವು ಅಂತಾದ್ರೂ ತಿಳೀತು."

ಮತ್ತೆ ಡರ್ಬಿ

ಆ ವಾರ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಬೆಳ್ಳುಳ್ಳಿ, ಮೆಂತ್ಯ, ಮಸಾಲೆ ಎಲ್ಲ ಬಂದ್. ಬೇಯಿಸಿದ ಆಲೂಗಡ್ಡೆ, ಅನ್ನ, ಉಪ್ಪು. ತಮ್ಮನಿಗೆ ವ್ಯತ್ಯಾಸ ತಿಳಿಯಲಿಲ್ಲ, ನನಗೆ ಮಾತ್ರ ರಂಜಾನ್ ತಿಂಗಳು ಬೇಗ ಬಂದಂತಾಯಿತು. ತಲೆಗೆ ಎಣ್ಣೆ ಬಿಟ್ಟೆ. ಸೋಡದಿಂದ ಮಿಂದೆ. ಸೀಸೆಗೆ ವಾಸನೆಯಿಲ್ಲದ ಮೆಕ್ಕೆಜೋಳದ ಪಿಷ್ಟ ತುಂಬಿದೆ. ಬಟ್ಟೆಗಳನ್ನು ಒಣ ಎಲೆ, ಮಣ್ಣಿನ ಹೆಂಟೆಗಳ ಜೊತೆ ಚೀಲದಲ್ಲಿ ಕಟ್ಟಿ ಕೊಟ್ಟಿಗೆಯಲ್ಲಿಟ್ಟೆ. ಕಾರಿನ ಕನ್ನಡಿಗೆ ನೇತುಹಾಕಿದ್ದ ಸುಗಂಧದ ಬಿಲ್ಲೆಯನ್ನು ಕಿತ್ತು ಪಕ್ಕದ ಮನೆಯವಳಿಗೆ ಕೊಟ್ಟೆ. ಅವಳು ಥ್ಯಾಂಕ್ಸ್ ಹೇಳಿ, ನನ್ನ ಎಣ್ಣೆಯಿಲ್ಲದ ಕೆದರಿದ ತಲೆ ನೋಡಿ, ಆರೋಗ್ಯ ಸರಿಯಿದೆಯಾ ಡಕ್ ಎಂದು ಕೇಳಿದಳು.

ಸಂಜೆಗಳಲ್ಲಿ ನಾಸಿರ್ ನನಗೆ ಗಾಳಿಯ ಪಾಠ ಹೇಳಿದ. ನಸುಕಿನಲ್ಲಿ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದ ಮೇಲೆ ಮೇಲಕ್ಕೆ ಏರುತ್ತದೆ. ನಡುವೆ ಸ್ವಲ್ಪ ಹೊತ್ತು ಅದು ಯಾವ ಕಡೆಗೂ ಇರುವುದಿಲ್ಲ. ಎಷ್ಟೋ ಬೇಟೆಗಳು ಕೆಡುವುದು ಆ ಹೊತ್ತಿನಲ್ಲಿಯೇ.

ಕೊನೆಯ ಶನಿವಾರ

ಅಟ್ಟಣಿಗೆಯಲ್ಲಿ ಕೂತಾಗ ನಕ್ಷತ್ರಗಳು ಮಾಸುತ್ತಿದ್ದವು. ಪಿಷ್ಟದ ಹೊಗೆ ನಮ್ಮ ಬೆನ್ನಿನ ಕಡೆ ತೇಲಿತು. ಗಾಳಿ ಬಯಲಿನಿಂದ ನಮ್ಮ ಮುಖಕ್ಕೆ ಬರುತ್ತಿದೆ, ಸರಿಯಾಗಿದೆ ಎಂದು ನಾಸಿರ್ ಕೈಸನ್ನೆ ಮಾಡಿದ. ನಾನು ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಕೊಳೆತ ಎಲೆ, ಒದ್ದೆ ತೊಗಟೆ, ಎಲ್ಲೋ ಅಣಬೆ.

ಅರ್ಧ ಗಂಟೆ ಕಳೆದಿತ್ತು. ಇದ್ದಕ್ಕಿದ್ದಂತೆ ಕಲ್ಲಿದ್ದಲ ಹೊಗೆಯ ಎಳೆಯೊಂದು ಮೂಗಿಗೆ ತಾಗಿತು. ಡೊರೊಥಿಯ ಮನೆಯ ಒಲೆ. ಆ ಮನೆ ಇದ್ದದ್ದು ನಮ್ಮ ಹಿಂದೆ. ಅಲ್ಲಿನ ಹೊಗೆ ನನ್ನನ್ನು ಮುಟ್ಟಿದೆ ಎಂದರೆ ಗಾಳಿ ತಿರುಗಿದೆ, ಇನ್ನು ನಮ್ಮ ವಾಸನೆಯೂ ಬಯಲಿಗೆ ಹೋಗುತ್ತದೆ. ಸೀಸೆ ಒತ್ತಿದರೆ ಪುಡಿ ಇನ್ನೂ ನಿಂತಲ್ಲೇ ಸುತ್ತುತ್ತಿತ್ತು, ಅದಕ್ಕೆ ಸುದ್ದಿ ತಲುಪಿರಲಿಲ್ಲ.

ನಾಸಿರನ ತೋಳು ಚಿವುಟಿದೆ. "ಹೊಗಿ," ಎಂದು ಪಿಸುಗುಟ್ಟಿ ಬೆನ್ನ ಹಿಂದೆ ತೋರಿಸಿದೆ.

ಅವನು ನನ್ನ ಮುಖ ನೋಡಿದ. ತನಗೆ ಏನೂ ತಿಳಿಯದ ವಿಷಯದಲ್ಲಿ ಇನ್ನೊಬ್ಬರನ್ನು ಪೂರ್ತಿ ನಂಬಬೇಕಾದವರ ನೋಟ ಅದು. ಮರುಮಾತಿಲ್ಲದೆ ಬಂದೂಕಿನ ಗುಂಡು ತೆಗೆದು ಇಳಿಯತೊಡಗಿದ. ತೊರೆಯ ದಂಡೆ ಹಿಡಿದು ಬಗ್ಗಿ ಬಗ್ಗಿ ನಡೆದು ಬಯಲಿನ ಪಕ್ಕಕ್ಕೆ ಬಂದೆವು, ಬಿದ್ದ ಮರವೊಂದರ ಹಿಂದೆ ಕೂತೆವು. ಈಗ ಗಾಳಿ ಅಡ್ಡಲಾಗಿ ಬೀಸುತ್ತ ನಮ್ಮ ವಾಸನೆಯನ್ನು ಖಾಲಿ ಹೊಲದ ಕಡೆ ಒಯ್ಯುತ್ತಿತ್ತು. ಎದುರಿಗೆ ಮಣ್ಣಿನ ದಿಬ್ಬ, ಗುಂಡು ತಪ್ಪಿದರೂ ಅದರಲ್ಲಿ ಹೂತುಹೋಗುತ್ತದೆ.

ಜಿಂಕೆ ಬಂತು. ಒಂದೇ. ಮೆಲ್ಲಗೆ ಒಂದು ಸಸಿಯ ಹತ್ತಿರ ನಿಂತಿತು. ತಲೆ ಎತ್ತಿ ಗಾಳಿ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಕಿವಿ ಒದರಿ ಸಸಿಯ ಕುಡಿಗೆ ಬಾಯಿ ಹಾಕಿತು. ನಾವು ಅದರ ಪಾಲಿಗೆ ಇರಲೇ ಇಲ್ಲ.

"ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್." ತುಟಿಯೊಳಗಿನ ಮಾತು, ಅದರ ಹಿಂದೆಯೇ ಗುಂಡಿನ ಶಬ್ದ. ಜಿಂಕೆ ನಿಂತಲ್ಲೇ ಕುಸಿಯಿತು.

ಹತ್ತಿರ ಹೋದೆವು. ಜೀವನವಿಡೀ ಕಟುಕನ ಅಂಗಡಿಯ ಮಾಂಸ ತಿಂದವಳು, ತಿನ್ನುವುದರ ಮೊದಲ ಭಾಗವನ್ನು ಅವತ್ತೇ ನೋಡಿದ್ದು. ನಾಸಿರ್ ಮೊಣಕಾಲೂರಿ ಕೂತು ಅದರ ಕುತ್ತಿಗೆಯ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟ. ಆಮೇಲೆ ಚಾಕು ತೆಗೆದು ಕೆಲಸ ಶುರು ಮಾಡಿದ. ಹೊಟ್ಟೆ ಸೀಳಿದಾಗ ನನ್ನನ್ನು ಕರೆದ. ಒಳಗೆ ರೋಗದ ವಾಸನೆ ಏನಾದರೂ ಇದೆಯೇ ಎಂದು ನೋಡಬೇಕಂತೆ. ಅಂಗೈ ಬೀಸಿ ಗಾಳಿ ತಂದುಕೊಂಡೆ. ಜಗಿದ ಹಸಿರೆಲೆಯ ವಾಸನೆ, ಬಿಸಿ ರಕ್ತದ ವಾಸನೆ, ಬೇರೇನೂ ಇಲ್ಲ. ಚಲೋ ಐತಿ ಎಂದೆ.

ಡೊರೊಥಿ ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟಳು. "ಒಂದು ಆಯಿತು. ಈ ಚಳಿಗಾಲದಲ್ಲಿ ಇನ್ನೂ ಐದಾದರೂ ಬೇಕು," ಎಂದು ನಾಸಿರನಿಗೆ ಹೇಳಿ ಗೇಟಿನ ಬೀಗದ ಕೈಯನ್ನು ಅವನ ಮುಂದೆ ತಳ್ಳಿದಳು. ಬೇರೆಯವರ ಮಾತು ಎತ್ತಲಿಲ್ಲ. ಜನವರಿಗೆ ಶಾಹೀನ್ ವಾಪಸು ಬರುತ್ತಾಳೆ, ಈ ಸಲ ಅವಳನ್ನೂ ಕರೆತರುತ್ತೇನೆ ಎಂದ ನಾಸಿರ್.

ಜಿಂಕೆಯನ್ನು ಅವನೊಬ್ಬನೇ ಏರಿನ ಮೇಲೆ ಕಾರಿನವರೆಗೆ ಎಳೆದು ತಂದಿದ್ದ. ಚಹಾ ಕುಡಿದು ಹೊರಗೆ ಬಂದು ಕಲ್ಲಿನ ಗೋಡೆಯ ಮೇಲೆ ಕೂತಾಗ ಜಾಕೆಟ್ಟು ಬಿಚ್ಚಿದ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಸೋಪಿಲ್ಲ, ಎಣ್ಣೆಯಿಲ್ಲ, ಒಂದು ವಾರದಿಂದ ಮಸಾಲೆಯ ಊಟವಿಲ್ಲ. ಅವನ ಮೈಯಿಂದ ಬಂದದ್ದು ಅವನದಷ್ಟೇ ವಾಸನೆ. ನಾನು ಅವನ ಕಡೆ ತಿರುಗಿದೆ.

ನಮ್ಮ ಅಬ್ಬಾ ಸರ್ಕಾರಿ ಬಸ್ಸಿನ ಚಾಲಕರಾಗಿದ್ದರು. ಸಂಜೆ ಮನೆಗೆ ಬಂದು ಖಾಕಿ ಅಂಗಿ ಬಿಚ್ಚಿ ಬಾಗಿಲ ಮೊಳೆಗೆ ಹಾಕುತ್ತಿದ್ದರು. ಅವರು ತೀರಿಕೊಂಡಾಗ ನನಗೆ ಹದಿನೈದು, ನಾಸಿರನಿಗೆ ಐದು.

"ಯಾಕ ಹಂಗ ನೋಡ್ತಿ?" ಎಂದ. "ಭಾಳ ನಾರಾಕತ್ತೀನೇನು?"

"ನೀ ಅಬ್ಬಾನ ಹಂಗ ಇದ್ದಿ. ವಾಸನಿ. ಅದೇ ಅದು."

ಅವನು ತಟ್ಟನೆ ತಿರುಗಿದ. "ನಂಗ ಅಬ್ಬಾಂದು ಏನೂ ನೆನಪಿಲ್ಲ ಆಪಾ. ಮುಖಾನೂ ಫೋಟೋದಾಗ ನೋಡಿದ್ದು. ಹೆಂಗಿತ್ತು? ಹೇಳು."

ಹೇಳಲು ಶಬ್ದ ಹುಡುಕಿದೆ. ಬಿಸಿಲಿಗೆ ಕಾದ ಚರ್ಮ, ಗೋಧಿ ಚೀಲ, ಮಳೆಗೆ ಮೊದಲಿನ ಧೂಳು ಎಂದೆಲ್ಲ ಹೇಳಿದೆ. ಒಂದೂ ಸರಿಹೋಗಲಿಲ್ಲ. ಅವನು ಮಾತ್ರ ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದ. ಆಮೇಲೆ ಅಂಗಿಯ ತೋಳನ್ನು ಮುಖಕ್ಕೆ ಒತ್ತಿಕೊಂಡು ಉದ್ದಕ್ಕೆ ಉಸಿರೆಳೆದುಕೊಂಡ.

"ಏನೂ ಬರಂಗಿಲ್ಲ," ಎಂದ.

ಆದರೂ ಮುಖದಲ್ಲಿ ನಗುವಿತ್ತು. ತೋಳು ಕೆಳಗಿಳಿಸದೆ ಇನ್ನೊಮ್ಮೆ ಎಳೆದುಕೊಂಡ.